ಮನೆಯ ನಾಯಿ, ಮನೆಯವರ ಹೊಣೆ

ಧಾರವಾಡದ ಸಪ್ತಾಪುರದ ಕಡೆಯ ಒಂದು ಬಡಾವಣೆಯಲ್ಲಿ ಅಕ್ಕಪಕ್ಕದ ಎರಡು ಮನೆಗಳು. ಒಂದು ನಿವೃತ್ತ ಮಾಸ್ತರರದು, ಇನ್ನೊಂದು ಬ್ಯಾಂಕಿನ ನೌಕರರೊಬ್ಬರದು. ಬಸವ ಜಯಂತಿಯ ಹೋಳಿಗೆ ಈ ಮನೆಯಿಂದ ಆ ಮನೆಗೆ, ಸಂಕ್ರಮಣದ ಕುಸುರೆಳ್ಳು ಆ ಮನೆಯಿಂದ ಈ ಮನೆಗೆ ಹೋಗಿಬರುವಷ್ಟು ಬಳಕೆ. ಮಾಸ್ತರರ ಮನೆಯಲ್ಲಿ ಮೂರು ವರ್ಷ ವಯಸ್ಸಿನ ಲ್ಯಾಬ್ರಡಾರ್ ತಳಿಯ ಹೆಣ್ಣು ನಾಯಿ. ಪಕ್ಕದ ಮನೆಯಲ್ಲಿ ಮಳೆಗಾಲದ ಒಂದು ರಾತ್ರಿ ಓಣಿಯಿಂದ ಎತ್ತಿ ತಂದು ಸಾಕಿದ ಊರ ತಳಿಯ ಗಂಡು ನಾಯಿ. ಒಂದು ಮುಂಜಾನೆ ಹಾಲಿನವನು ಬಂದು ಹೋದ ಮೇಲೆ ಗೇಟು ಅರೆ ತೆರೆದೇ ಉಳಿಯಿತು. ಮನೆಯವರು ಹೊರಗೆ ಬಂದು ನೋಡುವಷ್ಟರಲ್ಲಿ ಎರಡೂ ನಾಯಿಗಳು ಕೂಡಿ, ಬಿಡಿಸಲಾರದಂತೆ ಬೆನ್ನಿಗೆ ಬೆನ್ನು ಮಾಡಿ ನಿಂತಿದ್ದವು.

ಮನೆಯ ಮೊಮ್ಮಗ ಗಾಬರಿಯಿಂದ ಕೋಲು ತಂದ. ಇನ್ನೊಬ್ಬರು ತಣ್ಣೀರು ಎರಚಿದರು. ಕೊನೆಗೆ ಹುಡುಗನು ತಮ್ಮ ನಾಯಿಯ ಕೊರಳಪಟ್ಟಿ ಹಿಡಿದು ಎಳೆದ. ನೋವಿನಿಂದ ದಿಕ್ಕುಗೆಟ್ಟ ಆ ಸಾಧು ಪ್ರಾಣಿ ತನ್ನನ್ನು ಸಾಕಿದ ಕೈಯನ್ನೇ ಕಚ್ಚಿತು. ಅಂದಿನ ಸಂಜೆಯೇ ಎರಡೂ ಮನೆಯವರು ನನ್ನಲ್ಲಿಗೆ ಬಂದರು, ಬೇರೆ ಬೇರೆಯಾಗಿ.

“ಅಜ್ಜಾರ, ನಮ್ಮದು ಜಾತಿ ನಾಯಿರಿ. ಅವರ ಓಣ್ಯಾಗಿನ ನಾಯಿ ಬಂದು ಕುಲಾ ಕೆಡಿಸಿ ಹೋತು. ಇದಕ್ಕ ಯಾರು ಜವಾಬ್ದಾರಿ?” ಎಂದರು ಮಾಸ್ತರರು.

“ಗೇಟು ತೆರದು ಇಟ್ಟವರು ಯಾರು ಅಂತ ಕೇಳ್ರಿ ಅಜ್ಜಾರ. ನಮ್ಮ ನಾಯಿ ಏನು ಅವರ ಬಾಗಲಾ ಮುರದಿತ್ತೇನು?” ಎಂದರು ಬ್ಯಾಂಕಿನವರು.

ಈ ವಾದಗಳಿಗಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಮಾಸ್ತರರು ಹೊರಡುವಾಗ ಆಡಿದ ಮಾತು: “ಹೋಗ್ಲಿ ಬಿಡ್ರಿ. ಮರಿ ಆದ್ರ ಚೀಲದಾಗ ಹಾಕಿ ಕೆಲಗೇರಿ ಕೆರಿ ಕಡೆ ಬಿಟ್ಟು ಬಂದ್ರಾತು.” ಅವರು ಕ್ರೂರಿಗಳಲ್ಲ. ದಿನವೂ ಲಿಂಗಪೂಜೆ ಮಾಡಿ, ಇರುವೆಯ ಗೂಡಿಗೆ ಸಕ್ಕರೆ ಹಾಕುವವರು. ನಮ್ಮ ಅನೇಕ ಸಜ್ಜನರ ಮನೆಗಳಲ್ಲಿ ಇಂಥ ಮಾತು ಯಾವ ಅಳುಕೂ ಇಲ್ಲದೆ ಹೊರಬೀಳುವುದನ್ನು ನಾನು ಬಲ್ಲೆ. ಏಕೆಂದರೆ ಆ ಚೀಲವನ್ನು ನಾನೂ ಹೊತ್ತಿದ್ದೇನೆ.

ನಾನು ಮಠದಲ್ಲಿ ಓದುತ್ತಿದ್ದ ದಿನಗಳವು. ನನಗೆ ಹನ್ನೊಂದೋ ಹನ್ನೆರಡೋ ವರ್ಷ. ದಾಸೋಹದ ಮನೆಯ ಹಿಂದೆ ಕಟ್ಟಿಗೆಯ ರಾಶಿಯ ಮರೆಯಲ್ಲಿ ಒಂದು ನಾಯಿ ಆರು ಮರಿ ಹಾಕಿತ್ತು. ಸಾಧಕರ ಓಡಾಟಕ್ಕೆ ತೊಂದರೆಯೆಂದು ಹಿರಿಯರೊಬ್ಬರು ಮರಿಗಳನ್ನು ದೂರ ಬಿಟ್ಟುಬರಲು ಹೇಳಿದರು. ಗೋಣಿಚೀಲದಲ್ಲಿ ಹಾಕಿ ಸಂತೆಯ ಬಯಲಿನಲ್ಲಿ ಬಿಟ್ಟು ಬಂದವನು ನಾನು. ಕಣ್ಣು ತೆರೆಯದ ಮರಿಗಳು. ಮೂರು ದಿನ ಆ ತಾಯಿ ದಾಸೋಹದ ಮನೆಯ ಬಾಗಿಲಿಗೆ ಬಂದು ಕಟ್ಟಿಗೆಯನ್ನು ಮೂಸಿ ಮೂಸಿ ಹೋಗುತ್ತಿತ್ತು. ಅದರ ಮೊಲೆಗಳಿಂದ ಹಾಲು ತೊಟ್ಟಿಕ್ಕುತ್ತಿತ್ತು. ನಾಲ್ಕನೆಯ ದಿನದಿಂದ ಅದು ಬರಲಿಲ್ಲ. ಹೇಳಿದವರ ಮೇಲೆ ನನಗೆ ದೂರಿಲ್ಲ; ಹೊತ್ತ ಹೆಗಲು ನನ್ನದು. ಇಷ್ಟು ವರ್ಷ ದಯೆಯ ಕುರಿತು ಪ್ರವಚನ ಮಾಡಿದ್ದೇನೆ. ಹಾಗೆ ಮಾಡುವಾಗಲೆಲ್ಲ ಆ ಚೀಲದ ಭಾರ ಹೆಗಲ ಮೇಲೆ ಬಂದು ಕುಳಿತುಕೊಳ್ಳುತ್ತದೆ.

ಆದಕಾರಣ ಈ ವಿಷಯವನ್ನು ಸಂಕೋಚವಿಲ್ಲದೆ ಬರೆಯಲು ಹೊರಟಿದ್ದೇನೆ. ನಾನು ಪಶುವೈದ್ಯನಲ್ಲ. ಎರಡೂ ಮನೆಯವರನ್ನು ಕರೆದುಕೊಂಡು ಮರುದಿನ ಪಶುವೈದ್ಯರಲ್ಲಿಗೆ ಹೋದೆನು. ಅವರು ತಿಳಿಸಿ ಹೇಳಿದುದನ್ನೂ, ಬಳಿಕ ನಾನು ಓದಿ ತಿಳಿದುದನ್ನೂ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತೇನೆ. ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಈಗ ನಾಯಿ ಸಾಕದ ಓಣಿಯೇ ಇಲ್ಲ. ಸಾಕುವವರಿಗೆ ಅದರ ದೇಹಧರ್ಮದ ಅರಿವು ಮಾತ್ರ ಕಡಿಮೆ.

ನಾಯಿಯ ದೇಹಧರ್ಮ

ಹೆಣ್ಣು ನಾಯಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ವಯಸ್ಸಿನಲ್ಲಿ ಮೊದಲ ಸಲ ಬೆದೆಗೆ ಬರುತ್ತದೆ. ದೊಡ್ಡ ಗಾತ್ರದ ತಳಿಗಳಲ್ಲಿ ಇದು ಇನ್ನೂ ತಡವಾಗಬಹುದು. ಆ ಬಳಿಕ ಸುಮಾರು ಆರೇಳು ತಿಂಗಳಿಗೊಮ್ಮೆ, ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ ಎರಡು ಸಲ, ಬೆದೆ ಮರಳುತ್ತದೆ. ಪ್ರತಿ ಸಲವೂ ಅದು ಮೂರು ವಾರಗಳಷ್ಟು ಕಾಲ ಇರುತ್ತದೆ.

ಮೊದಲ ಒಂಬತ್ತು ದಿನಗಳಷ್ಟು ಕಾಲ ರಕ್ತಮಿಶ್ರಿತ ಸ್ರಾವವಿರುತ್ತದೆ. ಗಂಡು ನಾಯಿಗಳು ಆಗಲೇ ಗೇಟಿನ ಬಳಿ ಸುಳಿಯತೊಡಗುತ್ತವೆ. ಆದರೆ ಹೆಣ್ಣು ಅವನ್ನು ಹತ್ತಿರ ಸೇರಿಸುವುದಿಲ್ಲ. ಅನಂತರ ಸ್ರಾವದ ಬಣ್ಣ ತಿಳಿಯಾಗಿ, ಪ್ರಮಾಣ ಇಳಿಯುತ್ತದೆ. ಬಹುತೇಕ ಮನೆಗಳಲ್ಲಿ ತಪ್ಪು ನಡೆಯುವುದು ಇಲ್ಲಿಯೇ. ‘ರಕ್ತ ನಿಂತಿತು, ಇನ್ನು ಭಯವಿಲ್ಲ’ ಎಂದು ನಾಯಿಯನ್ನು ಅಂಗಳಕ್ಕೆ ಬಿಡುತ್ತಾರೆ. ಹೆಣ್ಣು ಗಂಡನ್ನು ಒಪ್ಪಿಕೊಳ್ಳುವ ದಿನಗಳು ಆಗಲೇ ಆರಂಭವಾಗುತ್ತವೆ, ಮತ್ತು ಒಂದು ವಾರಕ್ಕೂ ಮೇಲ್ಪಟ್ಟು ಮುಂದುವರಿಯುತ್ತವೆ. ಮಾಸ್ತರರ ಮನೆಯಲ್ಲಿ ಆದುದೂ ಇದೇ. ಹದಿಮೂರನೆಯ ದಿನ ಅವರು ಸರಪಳಿ ಬಿಚ್ಚಿದ್ದರು.

ಗಂಡಿನ ವೀರ್ಯಾಣುಗಳು ಹೆಣ್ಣಿನ ಗರ್ಭಮಾರ್ಗದಲ್ಲಿ ಒಂದು ವಾರದವರೆಗೂ ಜೀವಂತವಾಗಿರಬಲ್ಲವು. ಆದ್ದರಿಂದ ‘ಒಂದೇ ಸಲ ಆಯಿತು, ಏನೂ ಆಗದು’ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಹಾಗೆಂದು ಪ್ರತಿ ಕೂಟವೂ ಗಬ್ಬವಾಗುತ್ತದೆ ಎಂದೂ ಇಲ್ಲ. ಇನ್ನೊಂದು ಸಂಗತಿಯೂ ತಿಳಿದಿರಲಿ. ಅದೇ ಬೆದೆಯಲ್ಲಿ ಹೆಣ್ಣು ಬೇರೆ ಬೇರೆ ಗಂಡುಗಳೊಡನೆ ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಗಳಿರಬಹುದು. ಹೀಗಾಗಿ ಒಮ್ಮೆ ಅಚಾತುರ್ಯವಾದ ಮೇಲೆ ‘ಆಗಬೇಕಾದುದು ಆಗಿಹೋಯಿತು’ ಎಂದು ಕೈಬಿಡದೆ, ಉಳಿದ ದಿನಗಳಲ್ಲಿ ನಾಯಿಯನ್ನು ಮೊದಲಿಗಿಂತ ಹೆಚ್ಚು ಕಾಯಬೇಕು.

ಆ ಗಳಿಗೆಯಲ್ಲಿ ಮಾಡಬೇಕಾದುದು

ಕೂಡಿ ನಿಂತ ನಾಯಿಗಳನ್ನು ಬಲವಂತದಿಂದ ಬಿಡಿಸಬಾರದು. ಗಂಡು ನಾಯಿಯ ಜನನಾಂಗದ ಬುಡದ ಭಾಗ ಕೂಟದ ಹೊತ್ತಿನಲ್ಲಿ ಊದಿಕೊಂಡು, ಹೆಣ್ಣಿನ ಸ್ನಾಯುಗಳು ಅದನ್ನು ಹಿಡಿದಿಡುತ್ತವೆ. ಇದು ಪ್ರಕೃತಿಯ ಏರ್ಪಾಡು. ಸಾಮಾನ್ಯವಾಗಿ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಊತ ಇಳಿದು ಅವು ತಾವಾಗಿಯೇ ಬೇರೆಯಾಗುತ್ತವೆ. ಎಳೆದರೆ, ಹೊಡೆದರೆ, ಕಲ್ಲೆಸೆದರೆ ಎರಡಕ್ಕೂ ಒಳಗೆ ಗಾಯವಾಗಬಹುದು. ಎಳೆದು ಬಿಡಿಸಿದ ಮಾತ್ರಕ್ಕೆ ಗಬ್ಬ ನಿಲ್ಲುವುದೂ ಇಲ್ಲ. ಆ ಹೊತ್ತಿಗಾಗಲೇ ಆಗಬೇಕಾದ ಕಾರ್ಯ ಬಹುಮಟ್ಟಿಗೆ ಆಗಿರುತ್ತದೆ. ಸುತ್ತ ನೆರೆದ ಜನರನ್ನು ಕಳುಹಿಸಿ, ಮಕ್ಕಳನ್ನು ಒಳಗೆ ಕರೆದು, ಸದ್ದಿಲ್ಲದೆ ಕಾಯುವುದೇ ಸರಿಯಾದ ಮಾರ್ಗ. ಬಿಟ್ಟ ಮೇಲೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಕಟ್ಟಿ, ರಕ್ತ ಸುರಿಯುತ್ತಿದೆಯೇ ಎಂದು ನೋಡಿ, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಮುಂದಿನ ಲೆಕ್ಕಕ್ಕೆಲ್ಲ ಆ ಗುರುತೇ ಆಧಾರ.

ಯಾರಿಗಾದರೂ ಕಚ್ಚಿದ್ದರೆ, ಅದು ಮನೆಯ ನಾಯಿಯೇ ಆಗಿರಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಷಿಣ, ಸುಣ್ಣ, ಖಾರದ ಪುಡಿ ಹಚ್ಚುವುದು ಅಪಾಯ. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಮದ್ದಿಲ್ಲ. ಮೊದಲೇ ತೆಗೆದುಕೊಂಡ ಲಸಿಕೆಯೇ ರಕ್ಷೆ. ಮಾಸ್ತರರ ಮೊಮ್ಮಗನಿಗೂ ಅಂದೇ ಚುಚ್ಚುಮದ್ದು ಆರಂಭಿಸಲಾಯಿತು.

ಮುಂದಿನ ದಾರಿಗಳು

ಮರುದಿನವೇ ಪಶುವೈದ್ಯರನ್ನು ಕಾಣಬೇಕು. ತಿಂಗಳು ಕಳೆದ ಮೇಲೆ, ಹೊಟ್ಟೆ ಕಾಣಿಸಿಕೊಂಡ ಮೇಲೆ ಹೋದರೆ ದಾರಿಗಳು ಕಿರಿದಾಗುತ್ತವೆ. ನಮ್ಮ ವೈದ್ಯರು ಇಟ್ಟ ದಾರಿಗಳು ಮೂರು.

ಮೊದಲನೆಯದು ಸಂತಾನಹರಣ ಶಸ್ತ್ರಚಿಕಿತ್ಸೆ. ಇನ್ನು ಮುಂದೆ ಎಂದೂ ಮರಿ ಬೇಡವೆಂಬ ನಿರ್ಧಾರವಿದ್ದರೆ, ಬೆದೆ ಇಳಿದ ಕೆಲವು ವಾರಗಳ ಬಳಿಕ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಸಬಹುದು. ಬೆದೆಯ ದಿನಗಳಲ್ಲಿಯೇ ಮಾಡಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಗಬ್ಬ ಬಲಿತ ಮೇಲೂ ಕಷ್ಟ. ನಡುವಿನ ಕಾಲವೇ ಪ್ರಶಸ್ತ. ಅದನ್ನು ವೈದ್ಯರೇ ಗೊತ್ತುಪಡಿಸಬೇಕು.

ಎರಡನೆಯದು ಔಷಧದಿಂದ ಗಬ್ಬ ಇಳಿಸುವುದು. ಇಲ್ಲಿ ಬಹಳ ಎಚ್ಚರ ಬೇಕು. ಹಿಂದಿನ ದಶಕಗಳಲ್ಲಿ ‘ಒಂದು ಇಂಜೆಕ್ಷನ್ ಹಾಕಿಸಿಬಿಡಿ’ ಎನ್ನುವ ರೂಢಿಯಿತ್ತು. ಅದು ಈಸ್ಟ್ರೊಜೆನ್ ಚುಚ್ಚುಮದ್ದು. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಎಂಬ ರೋಗ ಬರಬಹುದು. ಎಲುಬಿನ ಮಜ್ಜೆ ಸೊರಗಿ ರಕ್ತ ಉತ್ಪತ್ತಿಯೇ ಕುಂದಿ ನಾಯಿ ಸಾಯಲೂಬಹುದು. ಆದ್ದರಿಂದ ತಿಳಿದ ವೈದ್ಯರು ಅದನ್ನು ಈಗ ಬಳಸುವುದಿಲ್ಲ. ಈಗ ಗಬ್ಬ ನಿಂತಿರುವುದನ್ನು ಖಚಿತ ಮಾಡಿಕೊಂಡ ಮೇಲೆ ಪ್ರೊಸ್ಟಾಗ್ಲಾಂಡಿನ್, ಕ್ಯಾಬರ್ಗೊಲಿನ್ ಮೊದಲಾದ ಔಷಧಗಳನ್ನು ಕೆಲವು ದಿನ ವೈದ್ಯರ ಕಣ್ಣೆದುರಿನಲ್ಲಿಯೇ ಕೊಡುವ ಕ್ರಮವಿದೆ. ಯುರೋಪಿನಲ್ಲಿ ಅಗ್ಲೆಪ್ರಿಸ್ಟೋನ್ ಎಂಬ ಔಷಧ ಹೆಚ್ಚು ಬಳಕೆಯಲ್ಲಿದೆ. ಅದು ಎಲ್ಲೆಡೆ ದೊರೆಯುವಂಥದಲ್ಲ. ಯಾವುದೇ ಕ್ರಮದಲ್ಲಿ ಕೊನೆಗೆ ಸ್ಕ್ಯಾನ್ ಮಾಡಿ ಗರ್ಭಕೋಶ ಬರಿದಾಗಿರುವುದನ್ನು ನೋಡಲೇಬೇಕು. ಮನುಷ್ಯರ ಗರ್ಭನಿರೋಧಕ ಗುಳಿಗೆಗಳನ್ನು ಅಂಗಡಿಯಿಂದ ತಂದು ನಾಯಿಗೆ ತಿನ್ನಿಸುವವರೂ ನಮ್ಮಲ್ಲಿದ್ದಾರೆ. ಅದು ಫಲ ಕೊಡುವುದಿಲ್ಲ, ಪ್ರಾಣಕ್ಕೆ ಕುತ್ತು ತರಬಹುದು.

ಮೂರನೆಯದು ಕಾದು ನೋಡಿ, ಗಬ್ಬವಾಗಿದ್ದರೆ ಮರಿಗಳ ಹೊಣೆಯನ್ನು ಹೊರುವುದು. ಕೂಟದ ಬಳಿಕ 25ರಿಂದ 30 ದಿನಗಳ ಹೊತ್ತಿಗೆ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಮರಿಗಳ ಹೃದಯ ಮಿಡಿಯುವುದು ಕಾಣುತ್ತದೆ. 45 ದಿನಗಳ ಮೇಲೆ ಎಕ್ಸ್‌ರೇ ತೆಗೆದರೆ ಎಲುಬಿನ ಲೆಕ್ಕದಿಂದ ಮರಿಗಳೆಷ್ಟೆಂದು ತಿಳಿಯುತ್ತದೆ. ಗಬ್ಬವಾಗದೆಯೂ ಹಾಲು ಬಂದು, ಹೊಟ್ಟೆ ಉಬ್ಬಿ, ಮೂಲೆಯಲ್ಲಿ ಗೂಡು ಮಾಡುವ ಸುಳ್ಳು ಬಸಿರೂ ನಾಯಿಗಳಲ್ಲಿ ಸಾಮಾನ್ಯ. ಆದ್ದರಿಂದ ಕಣ್ಣಂದಾಜಿನಿಂದ ನಿರ್ಣಯಿಸಲಾಗದು.

ನಾಯಿಗೆ ವರ್ಷ ತುಂಬಿರದಿದ್ದರೆ, ಬಹಳ ವಯಸ್ಸಾಗಿದ್ದರೆ, ರೋಗವಿದ್ದರೆ, ಹೆಣ್ಣು ತೀರ ಚಿಕ್ಕದಾಗಿ ಗಂಡು ಬಹಳ ದೊಡ್ಡದಾಗಿದ್ದರೆ, ಅಥವಾ ಒಂದೇ ಸೂಲಿನ ಅಣ್ಣತಂಗಿಯರು ಕೂಡಿದ್ದರೆ ಮೂರನೆಯ ದಾರಿ ತಾಯಿಗೂ ಮರಿಗೂ ಒಳಿತಲ್ಲ. ‘ಪ್ರಾಣಹತ್ಯೆ ಆಗುವುದಲ್ಲವೇ’ ಎಂದು ಮೊದಲೆರಡು ದಾರಿಗಳ ಬಗ್ಗೆ ಅಳುಕುವ ತಾಯಂದಿರು ನನ್ನನ್ನು ಕೇಳಿದ್ದಾರೆ. ಅವರ ಅಳುಕು ಗೌರವಕ್ಕೆ ಅರ್ಹವಾದುದು. ಆದರೆ ಕೈಲಿರುವ ಜೀವದ ನೋವನ್ನೂ, ಹುಟ್ಟಿದ ಮೇಲೆ ಬೀದಿಯಲ್ಲಿ ಹಸಿದು ಗಾಲಿಗೆ ಸಿಕ್ಕಿ ಸಾಯಲಿರುವ ಮರಿಗಳ ನೋವನ್ನೂ ಒಟ್ಟಿಗೆ ತೂಗಬೇಕಾಗುತ್ತದೆ. ದಯೆಯೆಂಬುದು ನಮ್ಮ ಮನಸ್ಸಿಗೆ ಹಿತವಾಗುವುದನ್ನು ಮಾಡುವುದಲ್ಲ, ಆ ಜೀವಿಗೆ ಹಿತವಾಗುವುದನ್ನು ಮಾಡುವುದು. ಹುಟ್ಟಿಸಿ ಬಿಸಾಡುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಕುಲದ ಮಾತು

ಇನ್ನು ಮಾಸ್ತರರ ‘ಕುಲಾ ಕೆಡಿಸಿತು’ ಎಂಬ ಮಾತನ್ನು ನೋಡೋಣ. ಒಮ್ಮೆ ಬೇರೆ ತಳಿಯ ಗಂಡನ್ನು ಕೂಡಿದ ಹೆಣ್ಣು ನಾಯಿಗೆ ಮುಂದೆ ಹುಟ್ಟುವ ಮರಿಗಳೆಲ್ಲ ಕೆಟ್ಟೇ ಹುಟ್ಟುತ್ತವೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಇದು ಶುದ್ಧ ತಪ್ಪು ತಿಳಿವಳಿಕೆ. ಮರಿಯ ಗುಣಲಕ್ಷಣಗಳು ಆ ಸೂಲಿನ ತಂದೆತಾಯಿಗಳಿಂದ ಮಾತ್ರ ಬರುತ್ತವೆ. ಹಿಂದಿನ ಕೂಟದ ಗುರುತು ಗರ್ಭಕೋಶದಲ್ಲಿ ಉಳಿಯುವುದಿಲ್ಲ.

ತಳಿಯ ಶುದ್ಧಿಗೆ ಅರ್ಥವೇ ಇಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯೇ ಇದಕ್ಕೆ ನಿದರ್ಶನ. ತೆಳುವಾದ ನಡು, ಉದ್ದನೆಯ ಮೋರೆ, ಗಾಳಿಯಂಥ ಓಟದ ಈ ತಳಿಯನ್ನು ಮುಧೋಳದ ಅರಸರಾದ ಘೋರ್ಪಡೆಯವರು ಪೋಷಿಸಿದರು. ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಈ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 2016ರಲ್ಲಿ ಭಾರತೀಯ ಸೇನೆ ಮುಧೋಳದ ಮರಿಗಳನ್ನು ತರಬೇತಿಗಾಗಿ ಮೇರಠ್‌ಗೆ ಒಯ್ದಿತು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಇದರ ಹೆಸರೆತ್ತಿದರು.

ಇಷ್ಟು ಕೀರ್ತಿಯ ತಳಿಯೂ ಹಳ್ಳಿಗಳಲ್ಲಿ ಸಡಿಲಬಿಟ್ಟ ನಾಯಿಗಳ ಗೊತ್ತುಗುರಿಯಿಲ್ಲದ ಕೂಟದಿಂದ ಕಲಬೆರಕೆಯಾಗುತ್ತ ಬಂದಿತ್ತು. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನ ಮತ್ತು ಮಾಹಿತಿ ಕೇಂದ್ರ ತಲೆಯೆತ್ತಿದುದು ಈ ತಳಿಯನ್ನು ಉಳಿಸುವುದಕ್ಕಾಗಿಯೇ. ಮುಧೋಳದ ಸುತ್ತಿನ ಬಡ ಕುಟುಂಬಗಳಿಗೆ ಒಂದು ಸೂಲಿನ ಶುದ್ಧ ಮರಿಗಳೆಂದರೆ ಕೈಗೆ ನಾಲ್ಕು ಕಾಸು. ಅಂಥ ಮನೆಯಲ್ಲಿ ಬೇಕಾದ ಗಂಡಿನೊಡನೆ ಕೂಡಿಸುವ ಮೊದಲೇ ಬೀದಿಯ ಗಂಡು ಕೂಡಿತೆಂದರೆ ಆ ಸೂಲಿನ ಆದಾಯವೇ ಹೋದಂತೆ. ಅವರು ಬೆದೆಯ ದಿನಗಳನ್ನು ಎಣಿಸಿ ನಾಯಿಯನ್ನು ಕಾಯುವುದು ಹೊಟ್ಟೆಪಾಡಿನ ಕಾಯಕ.

ಆದರೆ ತಳಿ ಎಂಬುದು ಓಟ, ಮೂಸುವ ಶಕ್ತಿ, ಕಾವಲು ಮುಂತಾದ ಕೆಲಸದ ಗುಣಗಳನ್ನು ಕಾಪಾಡುವ ಲೆಕ್ಕ ಮಾತ್ರ. ಅದು ಮೇಲುಕೀಳಿನ ಮಾತಲ್ಲ. ಹುಟ್ಟಿನಿಂದ ಮೇಲುಕೀಳು ಎಣಿಸುವುದನ್ನು ಮನುಷ್ಯರ ವಿಷಯದಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದ ಶರಣರ ಪರಂಪರೆಯವರು ನಾವು. ಹಾವಿನಹಾಳ ಕಲ್ಲಯ್ಯನವರ ಕಥೆ ನಮ್ಮ ಮಠಗಳಲ್ಲಿ ಮಕ್ಕಳಿಗೂ ಗೊತ್ತು. ಕುಲದ ಹೆಮ್ಮೆಯಿಂದ ತಮ್ಮನ್ನು ಹೀನಾಯಿಸಿದವರ ಎದುರು ಅವರು ಒಂದು ನಾಯಿಯಿಂದ ವೇದವನ್ನು ಓದಿಸಿದರೆಂದು ಪುರಾಣ ಹೇಳುತ್ತದೆ. ಆ ನಾಯಿಯ ತಳಿ ಯಾವುದೆಂದು ಪುರಾಣಕಾರರು ಬರೆದಿಲ್ಲ. ಇತ್ತ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಗೊರವಪ್ಪಗಳು ತಾವೇ ದೇವರ ನಾಯಿಗಳೆಂದು ಬೊಗಳಿ ಪ್ರಸಾದ ಸ್ವೀಕರಿಸುತ್ತಾರೆ. ಇಂಥ ನಾಡಿನಲ್ಲಿ ‘ಜಾತಿ ನಾಯಿ’ ಎಂಬ ಹೆಮ್ಮೆ, ‘ಜಾತಿಗೆಟ್ಟ ಮರಿ’ ಎಂಬ ತಿರಸ್ಕಾರ ನಮ್ಮ ಬಾಯಲ್ಲಿ ಹೇಗೆ ಬರುತ್ತದೆ? ಮಾಸ್ತರರಿಗೆ ಇದನ್ನು ಹೇಳಿದಾಗ ಅವರು ತಲೆ ತಗ್ಗಿಸಿ ಬಹಳ ಹೊತ್ತು ಸುಮ್ಮನಿದ್ದರು. ಊರ ತಳಿಯ ಮಿಶ್ರ ಮರಿಗಳು ನಮ್ಮ ಹವೆಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ ಎಂದು ವೈದ್ಯರೂ ದನಿಗೂಡಿಸಿದರು.

ಮರಿಗಳು ಬರುವುದಾದರೆ

ನಾಯಿಯ ಗಬ್ಬದ ಅವಧಿ ಸುಮಾರು 63 ದಿನಗಳು. ನಾಲ್ಕೈದು ದಿನ ಹಿಂದುಮುಂದಾಗಬಹುದು. ಮೊದಲ ತಿಂಗಳು ಎಂದಿನ ಆಹಾರವೇ ಸಾಕು. ಕೊನೆಯ ಮೂರು ವಾರಗಳಲ್ಲಿ ಪ್ರಮಾಣ ಹೆಚ್ಚಿಸಿ, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಬರೀ ರೊಟ್ಟಿ ಹಾಲು ಹಾಕಿದರೆ ಸಾಲದು. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ ನಾಯಿಗೆ ಏನು ಕೊಡಬೇಕೆಂಬುದು ಸೂಕ್ಷ್ಮ ಪ್ರಶ್ನೆ. ವೈದ್ಯರು ಸೂಚಿಸಿದ ಸಿದ್ಧ ಆಹಾರ ತಂದುಕೊಡುವುದು ಸುಲಭದ ದಾರಿ. ಸುಣ್ಣದಂಶದ ಔಷಧಗಳನ್ನು ಗಬ್ಬದ ಕಾಲದಲ್ಲಿ ತಾವೇ ತಂದು ಕೊಡಬಾರದು. ಅದರಿಂದ ಹಾಲೂಡಿಸುವಾಗ ರಕ್ತದಲ್ಲಿ ಸುಣ್ಣದಂಶ ಥಟ್ಟನೆ ಕುಸಿದು ನಡುಕ, ಸೆಳೆತ ಬರುವ ಸಾಧ್ಯತೆ ಇನ್ನೂ ಹೆಚ್ಚುತ್ತದೆ. ಅಂಥ ನಡುಕ ಕಂಡರೆ ಒಂದು ಗಳಿಗೆಯೂ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಹೆರಿಗೆಗೆ ಒಂದು ದಿನ ಮುಂಚೆ ನಾಯಿಯ ಮೈಯ ಶಾಖ ಇಳಿಯುತ್ತದೆ, ಊಟ ಬಿಡುತ್ತದೆ, ನೆಲ ಕೆದರುತ್ತದೆ. ಗಾಳಿಮಳೆ ಬಾರದ ಮೂಲೆಯಲ್ಲಿ ಹಳೆಯ ಕೌದಿ ಹಾಸಿ ಬಿಡಬೇಕು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಲವಾಗಿ ತಿಣುಕಿದರೂ ಮರಿ ಬರದಿದ್ದರೆ, ಅಥವಾ ಮರಿ ಬರುವ ಮೊದಲೇ ಹಸಿರು ಸ್ರಾವ ಕಂಡರೆ ವೈದ್ಯರು ಬೇಕು. ಮರಿಗಳಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ತೆರೆಯುತ್ತದೆ. ಎರಡು ಮೂರು ವಾರಕ್ಕೆ ಜಂತುಹುಳುವಿನ ಔಷಧ, ಆರೆಂಟು ವಾರಗಳಿಂದ ಲಸಿಕೆಗಳು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಈ ಎಂಟು ವಾರಗಳಲ್ಲಿಯೇ ಅದು ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ನಾಯಿಯಾಗಿ ಬದುಕುವುದನ್ನು ಕಲಿಯುತ್ತದೆ.

ಕಾನೂನಿನ ಮಾತು

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ ಪ್ರಕಾರ, ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಯನ್ನು ಕೊಂದರೆ ಅಥವಾ ಊನಗೊಳಿಸಿದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಚೀಲದಲ್ಲಿ ಹಾಕಿ ಕೆರೆಯ ದಂಡೆಗೆ ಬಿಡುವ ಮಾತು ಧರ್ಮಕ್ಕೆ ಮಾತ್ರವಲ್ಲ, ಕಾನೂನಿಗೂ ವಿರುದ್ಧವಾದುದು. ಬೀದಿನಾಯಿಗಳ ಸಂತಾನಹರಣ ಸ್ಥಳೀಯ ಸಂಸ್ಥೆಗಳ ಹೊಣೆಯಾದರೆ, ಸಾಕುನಾಯಿಯ ಲಸಿಕೆ ಮತ್ತು ಸಂತಾನಹರಣ ಯಜಮಾನರ ಹೊಣೆ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಪಷ್ಟಪಡಿಸಿವೆ. 2025ರಲ್ಲಿ ಬೀದಿನಾಯಿಗಳ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ದೇಶವಿಡೀ ಚರ್ಚೆಯಾಯಿತು. ಮಹಾನಗರ ಪಾಲಿಕೆಯನ್ನು ಬಯ್ಯುವ ಮೊದಲು, ಓಣಿಯ ನಾಯಿಗಳಲ್ಲಿ ಎಷ್ಟು ನಮ್ಮ ನಮ್ಮ ಮನೆಗಳಿಂದ ಹೊರಬಿದ್ದ ಸಂತಾನವೆಂದು ನಾವು ಕೇಳಿಕೊಳ್ಳುವುದು ಒಳಿತು.

ಮುನ್ನೆಚ್ಚರಿಕೆ

ಬೆದೆಯ ಮೊದಲ ದಿನದಿಂದ ನಾಲ್ಕು ವಾರ ಹೆಣ್ಣು ನಾಯಿಯನ್ನು ಒಂಟಿಯಾಗಿ ಅಂಗಳಕ್ಕೆ ಬಿಡಬಾರದು. ಹೊರಗೆ ಒಯ್ಯುವಾಗ ಹಗ್ಗ ಕೈಯಲ್ಲಿರಬೇಕು. ಗಂಡು ನಾಯಿ ಆಳೆತ್ತರದ ಗೋಡೆಯನ್ನೂ ಹಾರುತ್ತದೆ, ಗೇಟಿನ ಸಂದಿಯಿಂದಲೂ ನುಸುಳುತ್ತದೆ. ಬರೀ ಗಬ್ಬದ ಭಯವಲ್ಲ, ಕೂಟದಿಂದ ಹರಡುವ ರೋಗಗಳೂ ಇವೆ. ಜನನಾಂಗದಲ್ಲಿ ಗಂಟಾಗಿ ಬೆಳೆದು ರಕ್ತ ಸೋರುವ ಒಂದು ಬಗೆಯ ಅರ್ಬುದ ನಮ್ಮ ದೇಶದ ನಾಯಿಗಳಲ್ಲಿ ಸಾಮಾನ್ಯ. ಚಿಕಿತ್ಸೆಯಿಂದ ಗುಣವಾಗುವುದಾದರೂ ವಾರ ವಾರ ಚುಚ್ಚುಮದ್ದು ಬೇಕು.

ಶಾಶ್ವತ ಉಪಾಯ ಸಂತಾನಹರಣವೇ. ‘ಒಂದು ಸಲವಾದರೂ ಮರಿ ಹಾಕದಿದ್ದರೆ ನಾಯಿಗೆ ಆರೋಗ್ಯವಿಲ್ಲ’ ಎಂಬುದಕ್ಕೆ ಆಧಾರವಿಲ್ಲ. ಗರ್ಭಕೋಶ ತೆಗೆಸಿದ ನಾಯಿಗೆ ಪಯೋಮೆಟ್ರಾದ ಭಯ ಹೋಗುತ್ತದೆ. ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಮೊಲೆಯ ಗಂಟುಗಳೂ ವಿರಳ. ಮೈ ಬೆಳೆಯುವುದು ನಿಜ; ಅದಕ್ಕೆ ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಬೇಕು. ದೊಡ್ಡ ತಳಿಗಳಿಗೆ ಯಾವ ವಯಸ್ಸು ತಕ್ಕುದೆಂಬುದನ್ನು ವೈದ್ಯರಲ್ಲಿ ವಿಚಾರಿಸಬೇಕು. ಗಂಡು ನಾಯಿಗೆ ಮಾಡಿಸುವುದು ಇನ್ನೂ ಸುಲಭ. ಆದರೆ ಮಾಡಿಸಿದ ಮೇಲೂ ಒಂದು ತಿಂಗಳಷ್ಟು ಕಾಲ ಅದರಿಂದ ಗಬ್ಬವಾಗುವ ಸಂಭವವಿರುವುದರಿಂದ ಆ ಅವಧಿಯಲ್ಲಿ ಬೇರೆಯಾಗಿಯೇ ಇಡಬೇಕು.

ನೆರೆಹೊರೆಯ ನ್ಯಾಯ

ಎರಡು ಮನೆಗಳ ಜಗಳ ಹೇಗೆ ತೀರಿತೆಂಬುದನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ನಾನು ತೀರ್ಪು ಕೊಡಲಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ, ಒಬ್ಬೊಬ್ಬರೂ ತಮ್ಮ ತಮ್ಮ ತಪ್ಪನ್ನು ಮಾತ್ರ ಹೇಳಬೇಕು, ಇನ್ನೊಬ್ಬರದನ್ನು ಎತ್ತಬಾರದು ಎಂದೆನು. ಬಹಳ ಹೊತ್ತಿನ ಮೇಲೆ ಮಾಸ್ತರರು, “ಹದಿಮೂರನೇ ದಿನಕ್ಕ ನಾನ ಸರಪಳಿ ಬಿಚ್ಚಿದೆರಿ” ಎಂದರು. ಬ್ಯಾಂಕಿನವರು, “ಮೂರು ವರ್ಷಾತು, ಆಪರೇಶನ್ ಮಾಡಸ್ರಿ ಅಂತ ಡಾಕ್ಟರ್ ಹೇಳಿದ್ರು. ಮುಂದ ಹಾಕ್ಕೋತ ಬಂದೆ” ಎಂದರು. ಚೀಲದ ಮಾತನ್ನು ನಾನು ಎತ್ತಲಿಲ್ಲ. ನನ್ನ ಬಾಲ್ಯದ ಚೀಲದ ಕಥೆಯನ್ನು ಮಾತ್ರ ಹೇಳಿದೆನು. ಮಾಸ್ತರರ ಮನೆಯವರು ಸೆರಗಿನಿಂದ ಕಣ್ಣೊರಸಿಕೊಂಡರು.

28ನೆಯ ದಿನದ ಸ್ಕ್ಯಾನಿನಲ್ಲಿ ಮರಿಗಳಿರುವುದು ಖಚಿತವಾಯಿತು. ನಾಯಿಗೆ ಪ್ರಾಯವಿದೆ, ಆರೋಗ್ಯವಿದೆ, ಎರಡೂ ಮನೆಗಳಲ್ಲಿ ನೋಡಿಕೊಳ್ಳುವ ಜನರಿದ್ದಾರೆ ಎಂದು ವೈದ್ಯರು ಹೇಳಿದ ಮೇಲೆ ಮರಿಗಳನ್ನು ಉಳಿಸಿಕೊಳ್ಳುವ ನಿರ್ಧಾರವಾಯಿತು. ಖರ್ಚನ್ನು ಇಬ್ಬರೂ ಸಮನಾಗಿ ಹಂಚಿಕೊಂಡರು. ಹುಟ್ಟುವ ಮೊದಲೇ ಪ್ರತಿ ಮರಿಗೂ ಮನೆ ಹುಡುಕಬೇಕು, ಕೊಂಡೊಯ್ಯುವವರು ತಕ್ಕ ವಯಸ್ಸಿಗೆ ಸಂತಾನಹರಣ ಮಾಡಿಸುವುದಾಗಿ ಮಾತು ಕೊಡಬೇಕು ಎಂದು ಷರತ್ತು ಹಾಕಿಕೊಂಡರು. 62ನೆಯ ದಿನ ಐದು ಮರಿಗಳು ಹುಟ್ಟಿದವು. ಒಂದು ಮೂರನೆಯ ದಿನ ತೀರಿಕೊಂಡಿತು. ಮಾಸ್ತರರ ಮೊಮ್ಮಗ ಅದನ್ನು ಹಿತ್ತಲಿನ ಪೇರಲ ಗಿಡದ ಕೆಳಗೆ ಮಣ್ಣು ಮಾಡಿದ. ಉಳಿದ ನಾಲ್ಕರಲ್ಲಿ ಒಂದು ನವಲೂರಿನ ತೋಟವೊಂದರ ಕಾವಲಿಗೆ ಹೋಯಿತು, ಎರಡು ಹುಬ್ಬಳ್ಳಿಯ ಪರಿಚಿತರ ಮನೆ ಸೇರಿದವು. ಒಂದನ್ನು ಬ್ಯಾಂಕಿನವರೇ ಇಟ್ಟುಕೊಂಡರು. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೂ, ಅದಕ್ಕೆ ಮುಂಚೆಯೇ ಗಂಡಿಗೂ ಶಸ್ತ್ರಚಿಕಿತ್ಸೆಯಾಯಿತು.

ಎಲ್ಲ ಮನೆಗಳಲ್ಲಿಯೂ ಇದೇ ನಿರ್ಧಾರ ಸರಿಯೆಂದು ನಾನು ಹೇಳಲಾರೆ. ನೋಡಿಕೊಳ್ಳುವ ಶಕ್ತಿಯಿಲ್ಲದ ಕಡೆ, ಮರಿಗಳಿಗೆ ಮನೆ ಸಿಗುವ ಭರವಸೆಯಿಲ್ಲದ ಕಡೆ ಮೊದಲನೆಯ ದಾರಿಯೇ ಮೇಲು. ಯಾವ ದಾರಿಯನ್ನು ಹಿಡಿದರೂ ಬೇಗ ಹಿಡಿಯಬೇಕು, ವೈದ್ಯರನ್ನು ಕೇಳಿ ಹಿಡಿಯಬೇಕು, ಹಿಡಿದ ಮೇಲೆ ನಡುವೆ ಕೈಬಿಡಬಾರದು. ಬಾಗಿಲಲ್ಲಿ ಕಟ್ಟಿಕೊಂಡ ಜೀವಕ್ಕೆ ಬಾಯಿಲ್ಲ. ಅದರ ಪರವಾಗಿ ಯೋಚಿಸಬೇಕಾದವರು ಮನೆಯವರೇ. ಊಟ ಹಾಕುವುದು ದಾಸೋಹದ ಅರ್ಧ ಭಾಗವಾದರೆ, ಆ ಜೀವದ ಮುಂದಿನದನ್ನು ಯೋಚಿಸುವುದು ಉಳಿದರ್ಧ.

ಈ ತಿಂಗಳು ತಮ್ಮ ಮನೆಯ ಗೇಟಿನ ಅಗುಳಿಯನ್ನು ಒಮ್ಮೆ ಎಳೆದು ನೋಡಿರಿ. ಸಡಿಲವಾಗಿದ್ದರೆ ಇಂದೇ ಸರಿಪಡಿಸಿರಿ.